ಎಂಐಟಿ, ಎನ್‌ಪಿಟೆಲ್, ಯೇಲ್, ಕೋರ್ಸೆರಾ: ಆನ್‌ಲೈನ್ ಪಾಠಗಳಲ್ಲಿ ನಿಮಗೆ ಯಾವುದು?

ಇಂಜಿನಿಯರಿಂಗ್ ಓದುವ ಹುಡುಗರಿಂದ ಹಿಡಿದು ರಿಟೈರ್ ಆದ ಮೇಷ್ಟ್ರ ತನಕ ಈಗ ಎಲ್ಲರದ್ದೂ ಒಂದೇ ಪ್ರಶ್ನೆ. "ಎಂಐಟಿ ಪಾಠ ಪುಕ್ಕಟೆ ಸಿಗುತ್ತಂತೆ, ಎನ್‌ಪಿಟೆಲ್ ಇದೆಯಂತೆ, ಕೋರ್ಸೆರಾ ಅಂತ ಇನ್ನೊಂದಿದೆ. ಯಾವುದನ್ನ ಹಿಡೀಲಿ?" ಹೆಚ್ಚಿನವರು ವಿಶ್ವವಿದ್ಯಾಲಯದ ಹೆಸರು ನೋಡಿ ಆರಿಸುತ್ತಾರೆ. ಹಾರ್ವರ್ಡ್ ಅಂದರೆ ಹಾರ್ವರ್ಡ್, ಮುಗೀತು. ಮೊದಲ ವಾರ ಜೋಶ್ ಇರುತ್ತದೆ. ಆಮೇಲೆ ಪ್ಲೇಲಿಸ್ಟ್ ಹಾಗೇ ಉಳಿಯುತ್ತದೆ.

ನಾನು ನೋಡುವುದು ಬೇರೆ. ಒಳ್ಳೆಯ ವಿಡಿಯೊ ಈಗ ಎಲ್ಲರ ಹತ್ತಿರವೂ ಇದೆ. ವಿಡಿಯೊ ಜೊತೆಗೆ ಏನು ಕೊಡುತ್ತಾರೆ ಅನ್ನುವುದನ್ನು ನೋಡಿ. ಕೂತು ಮಾಡಲು ಲೆಕ್ಕಗಳಿವೆಯಾ? ಮಾಡಿದ್ದು ಸರಿಯಾ ಅಂತ ನೋಡಿಕೊಳ್ಳಲು ಉತ್ತರ ಇದೆಯಾ? ಮಾತು ಕಿವಿಗೆ ಹತ್ತದಿದ್ದರೆ ಓದಲು ಬರಹ ಇದೆಯಾ? ಇಂಥ ದಿನದೊಳಗೆ ಮುಗಿಸು ಎಂದು ಹೇಳುವವರು ಯಾರಾದರೂ ಇದ್ದಾರಾ? ಇಷ್ಟನ್ನು ಕೇಳಿಕೊಂಡರೆ ಅರ್ಧ ಆಯ್ಕೆ ತಾನಾಗಿ ಆಗುತ್ತದೆ.

ಎಂಐಟಿ ಓಪನ್‌ಕೋರ್ಸ್‌ವೇರ್: ಕಾಯುವವರಿಲ್ಲದ ಭಂಡಾರ

2001ರ ಏಪ್ರಿಲ್‌ನಲ್ಲಿ ಅಮೆರಿಕದ ಎಂಐಟಿ ತನ್ನ ಕೋರ್ಸ್‌ಗಳ ಸಾಮಗ್ರಿಯನ್ನೆಲ್ಲ ಇಂಟರ್ನೆಟ್ಟಿಗೆ ಹಾಕುತ್ತೇವೆ, ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಿ ಎಂದಿತು. ಆಗ ಯೂಟ್ಯೂಬ್ ಇನ್ನೂ ಹುಟ್ಟಿರಲಿಲ್ಲ. ಆನ್‌ಲೈನ್ ಪಾಠ ಮಾರಿ ದುಡ್ಡು ಮಾಡುವುದು ಹೇಗೆ ಎಂದು ಬೇರೆಯವರು ಲೆಕ್ಕ ಹಾಕುತ್ತಿದ್ದ ಕಾಲ ಅದು. ಮರುವರ್ಷ 50 ಕೋರ್ಸ್‌ಗಳಿಂದ ಶುರುವಾಯಿತು. 2007ರ ಹೊತ್ತಿಗೆ 1,800 ಆಯಿತು. ಈಗ 2,500 ದಾಟಿದೆ. ಲಾಗಿನ್ ಇಲ್ಲ, ಫೀಸಿಲ್ಲ. ಸರ್ಟಿಫಿಕೇಟೂ ಇಲ್ಲ.

ಇಲ್ಲಿ ಮೊದಲ ಸಲ ಬಂದವರು ಒಂದು ಕಡೆ ಎಡವುತ್ತಾರೆ. ಎಲ್ಲ ಕೋರ್ಸ್‌ಗಳಿಗೂ ವಿಡಿಯೊ ಇರುವುದಿಲ್ಲ. ಎಷ್ಟೋ ಕೋರ್ಸ್‌ಗಳಲ್ಲಿ ಸಿಲಬಸ್, ಟಿಪ್ಪಣಿ, ವಾರದ ಲೆಕ್ಕಗಳು, ಹಳೇ ಪ್ರಶ್ನೆಪತ್ರಿಕೆ ಅಷ್ಟೇ ಸಿಗುತ್ತದೆ. "ಇಷ್ಟೇನಾ?" ಅಂತ ವಾಪಸ್ ಹೋಗುವವರು ಜಾಸ್ತಿ. ನನ್ನ ಪ್ರಕಾರ ಇಲ್ಲಿನ ನಿಜವಾದ ಆಸ್ತಿಯೇ ಆ ಲೆಕ್ಕಗಳು. ವಿಡಿಯೊ ಇಲ್ಲದ ಕೋರ್ಸ್‌ನಿಂದಲೂ ಪ್ರಶ್ನೆಪತ್ರಿಕೆ ಇಳಿಸಿಕೊಂಡು, ನಿಮ್ಮ ಕಾಲೇಜಿನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಮಾಡಿ ನೋಡಿ. ಗೊತ್ತಿದೆ ಅಂದುಕೊಂಡಿದ್ದರಲ್ಲಿ ನಿಜವಾಗಿ ಎಷ್ಟು ಗೊತ್ತು ಅನ್ನುವುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ವಿಡಿಯೊ ಇರುವ ಕೋರ್ಸ್‌ಗಳಲ್ಲಿ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಒಂದನ್ನಾದರೂ ನೋಡಲೇಬೇಕು. ಎಂಐಟಿಯವರು ಅದನ್ನು ಹೆಸರಿನ ಬದಲು 18.06 ಎಂದೇ ಕರೆಯುತ್ತಾರೆ. 1999ರಲ್ಲಿ ರೆಕಾರ್ಡ್ ಆದ ಪಾಠ. ಚಿತ್ರ ಮಸುಕು, ಮೇಷ್ಟ್ರು, ಕರಿಹಲಗೆ, ಸೀಮೆಸುಣ್ಣ, ಅಷ್ಟೇ. ಮೊದಲ ತರಗತಿಯಲ್ಲಿ ಅವರು ಎರಡೇ ಎರಡು ಸಮೀಕರಣ ಬರೆಯುತ್ತಾರೆ. ಎರಡು ಎಕ್ಸ್‌ನಿಂದ ಒಂದು ವೈ ಕಳೆದರೆ ಸೊನ್ನೆ. ಎರಡು ವೈಯಿಂದ ಒಂದು ಎಕ್ಸ್ ಕಳೆದರೆ ಮೂರು. ನಮ್ಮ ಹೈಸ್ಕೂಲಿನ ಮಕ್ಕಳೂ ಬಿಡಿಸುವ ಲೆಕ್ಕ. ಎಕ್ಸ್ ಒಂದು, ವೈ ಎರಡು.

ಆದರೆ ಅವರು ಅಲ್ಲಿಗೆ ಬಿಡುವುದಿಲ್ಲ. ಮೊದಲು ಎರಡು ಗೆರೆ ಎಳೆದು ಅವು ಸೇರುವ ಜಾಗ ತೋರಿಸುತ್ತಾರೆ. ಇಷ್ಟು ನಮಗೆ ಗೊತ್ತಿದ್ದದ್ದೇ. ಆಮೇಲೆ ಅದೇ ಸಮೀಕರಣಗಳನ್ನು ಅಡ್ಡ ಸಾಲಾಗಿ ನೋಡುವುದು ಬಿಟ್ಟು ಕಂಬಸಾಲಾಗಿ ನೋಡಿ ಅನ್ನುತ್ತಾರೆ. (2, −1) ಅನ್ನುವ ಬಾಣ ಒಂದು ಸಲ, (−1, 2) ಅನ್ನುವ ಬಾಣ ಎರಡು ಸಲ. ಒಂದರ ತುದಿಗೆ ಇನ್ನೊಂದು ಜೋಡಿಸಿದರೆ ನೇರ (0, 3)ಕ್ಕೆ ಹೋಗಿ ನಿಲ್ಲುತ್ತದೆ. ಮುಂದಿನ ಮೂವತ್ತಕ್ಕೂ ಹೆಚ್ಚು ತರಗತಿಗಳು ಈ ಒಂದು ನೋಟದ ಮೇಲೇ ನಿಂತಿವೆ. ಮ್ಯಾಟ್ರಿಕ್ಸ್ ಅಂದರೆ ಅಡ್ಡ-ಉದ್ದ ಗುಣಿಸುವ ನಿಯಮ ಅಂತ ಬಾಯಿಪಾಠ ಮಾಡಿ ಪಾಸಾದವರಿಗೆ ಇಲ್ಲಿ ಕಣ್ಣು ತೆರೆದಂತಾಗುತ್ತದೆ. ಸ್ಟ್ರಾಂಗ್ ತಮ್ಮ ಕೊನೆಯ ತರಗತಿ ಮುಗಿಸಿದ್ದು 2023ರ ಮೇ ತಿಂಗಳಲ್ಲಿ. ಅದರ ವಿಡಿಯೊ ಕೂಡ ಸಿಗುತ್ತದೆ.

ಇದೇ ಕೋರ್ಸ್‌ಗೆ 'ಸ್ಕಾಲರ್' ಅನ್ನುವ ರೂಪವೂ ಇದೆ. ಅದು ಒಬ್ಬರೇ ಕೂತು ಓದುವವರಿಗಾಗಿ ಮಾಡಿದ್ದು. ಪ್ರತಿ ಪಾಠಕ್ಕೂ ಟಿಪ್ಪಣಿ, ಲೆಕ್ಕ, ಉತ್ತರ, ಜೊತೆಗೆ ಲೆಕ್ಕ ಬಿಡಿಸಿ ತೋರಿಸುವ ಚಿಕ್ಕ ವಿಡಿಯೊ. ನೀವು ಹುಡುಕುವ ಕೋರ್ಸ್‌ಗೆ ಸ್ಕಾಲರ್ ರೂಪ ಇದ್ದರೆ ಮೊದಲು ಅದನ್ನೇ ತೆಗೆಯಿರಿ.

ಕೊರತೆ ಏನಪ್ಪಾ ಅಂದರೆ, ನೀವು ಅರ್ಧಕ್ಕೆ ಬಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಡೌಟ್ ಕೇಳಲು ಯಾರೂ ಇಲ್ಲ. ಸ್ವಂತ ಹಟ ಇರುವವರಿಗೆ, ಅಥವಾ ಜೊತೆಗೆ ಓದುವ ಒಬ್ಬ ಗೆಳೆಯನಾದರೂ ಇರುವವರಿಗೆ ಇದು ಸರಿ.

ಎನ್‌ಪಿಟೆಲ್: ಬೆನ್ನು ಹತ್ತುವ ಬುಧವಾರ

ಏಳು ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ಕೇಂದ್ರ ಸರ್ಕಾರದ ಹಣದಲ್ಲಿ 2003ರಲ್ಲಿ ಶುರು ಮಾಡಿದ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟೆಲ್. 2017ರ ಜುಲೈನಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ ಸ್ವಯಂ ಪೋರ್ಟಲ್ ಬಂದ ಮೇಲೆ ಇದರ ಕೋರ್ಸ್‌ಗಳು ಅಲ್ಲೂ ಸೇರಿಕೊಂಡವು. ಸ್ವಯಂನಲ್ಲಿ ಬರೀ ಇಂಜಿನಿಯರಿಂಗ್ ಇಲ್ಲ. ಮ್ಯಾನೇಜ್‌ಮೆಂಟ್ ಕೋರ್ಸ್‌ಗಳನ್ನು ಐಐಎಂ ಬೆಂಗಳೂರು ನೋಡಿಕೊಳ್ಳುತ್ತದೆ. ಬಿಎ, ಬಿಕಾಂ, ಬಿಎಸ್‌ಸಿ ಮಟ್ಟದ ಕೋರ್ಸ್‌ಗಳು ಬೇರೆ ಸಂಸ್ಥೆಗಳಿಂದ ಬರುತ್ತವೆ.

ಎಂಐಟಿಯದ್ದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಶಿಸ್ತು. ಕೋರ್ಸ್‌ಗಳು 4, 8 ಅಥವಾ 12 ವಾರದವು. ವರ್ಷಕ್ಕೆ ಎರಡು ಸಲ, ಜನವರಿಯಲ್ಲೊಮ್ಮೆ, ಜುಲೈನಲ್ಲೊಮ್ಮೆ ಶುರುವಾಗುತ್ತವೆ. ವಾರ ವಾರ ಪಾಠ ಬರುತ್ತದೆ, ಅಸೈನ್‌ಮೆಂಟ್ ಬರುತ್ತದೆ. ಸಾಮಾನ್ಯವಾಗಿ ಬುಧವಾರ ರಾತ್ರಿ ಹನ್ನೆರಡರೊಳಗೆ ಅದನ್ನು ಮುಗಿಸಿ ಕಳಿಸಬೇಕು. ತಡವಾದರೆ ತಗೊಳ್ಳುವುದಿಲ್ಲ. ಕರೆಂಟ್ ಹೋಗಿತ್ತು, ನೆಟ್ ಇರಲಿಲ್ಲ ಅಂದರೂ ಕೇಳುವುದಿಲ್ಲ. ಸ್ವಲ್ಪ ಸಡಿಲ ಮಾತ್ರ ಇಟ್ಟಿದ್ದಾರೆ. 12 ವಾರದ ಕೋರ್ಸ್‌ನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. 8 ವಾರದ್ದರಲ್ಲಿ 6, 4 ವಾರದ್ದರಲ್ಲಿ 3. ಹಾಗಾಗಿ ಒಂದೆರಡು ಬುಧವಾರ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಪಾಠ ನೋಡುವುದು, ಅಸೈನ್‌ಮೆಂಟ್ ಮಾಡುವುದು ಪೂರ್ತಿ ಪುಕ್ಕಟೆ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಸಾವಿರ ರೂಪಾಯಿ ಆಸುಪಾಸು ಪರೀಕ್ಷಾ ಶುಲ್ಕ ಕಟ್ಟಿ, ಹಾಲ್ ಟಿಕೆಟ್ ಹಿಡಿದು, ಪರೀಕ್ಷಾ ಕೇಂದ್ರಕ್ಕೇ ಹೋಗಿ ಕಂಪ್ಯೂಟರ್ ಮುಂದೆ ಮೂರು ಗಂಟೆ ಕೂತು ಬರೆಯಬೇಕು. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಸರ್ಟಿಫಿಕೇಟ್ ಸಿಗಲು ಅಸೈನ್‌ಮೆಂಟ್‌ನಲ್ಲಿ 10, ಪರೀಕ್ಷೆಯಲ್ಲಿ 30 ಬಂದಿರಬೇಕು. ಎರಡೂ ಆಗಬೇಕು, ಒಂದರಲ್ಲಿ ಜಾಸ್ತಿ ತಗೊಂಡು ಇನ್ನೊಂದನ್ನು ಸರಿದೂಗಿಸಲು ಆಗುವುದಿಲ್ಲ. ಒಟ್ಟು 60 ದಾಟಿದರೆ ಎಲೀಟ್, 75 ದಾಟಿದರೆ ಸಿಲ್ವರ್, 90 ದಾಟಿದರೆ ಗೋಲ್ಡ್.

ಈ ಸರ್ಟಿಫಿಕೇಟಿಗೆ ನಮ್ಮಲ್ಲಿ ಬೆಲೆ ಇದೆ, ಅದಕ್ಕೆ ಕಾರಣವೂ ಇದೆ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಲು ಕಾಲೇಜುಗಳು ಬಿಡಬಹುದು. ವಿಟಿಯುದಲ್ಲಿ ಆನರ್ಸ್ ಪದವಿಗೆ ಬೇಕಾದ ಹೆಚ್ಚುವರಿ ಕ್ರೆಡಿಟ್‌ಗಳನ್ನು ಹುಡುಗರು ಈ ದಾರಿಯಲ್ಲೇ ಗಳಿಸುತ್ತಾರೆ. ಆದರೆ 'ಬಿಡಬಹುದು' ಅನ್ನುವುದಕ್ಕೂ 'ಬಿಡುತ್ತಾರೆ' ಅನ್ನುವುದಕ್ಕೂ ಅಂತರ ಇದೆ ಅಲ್ವಾ? ಫೀಸು ಕಟ್ಟುವ ಮುಂಚೆ ನಿಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿ. ಯಾವ ಕೋರ್ಸ್, ಎಷ್ಟು ಕ್ರೆಡಿಟ್, ಯಾವ ಸೆಮಿಸ್ಟರ್‌ಗೆ ಅನ್ನುವುದನ್ನು ಬರಹದಲ್ಲೇ ತಗೊಳ್ಳಿ.

ಇನ್ನು ಕಹಿ ಮಾತು. ಎನ್‌ಪಿಟೆಲ್ ಅಸೈನ್‌ಮೆಂಟ್‌ಗಳಲ್ಲಿ ಹೆಚ್ಚಿನವು ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ಉತ್ತರಗಳು ಟೆಲಿಗ್ರಾಮ್ ಗುಂಪುಗಳಲ್ಲಿ ಮಂಗಳವಾರವೇ ಓಡಾಡುತ್ತಿರುತ್ತವೆ. ಅದನ್ನು ನೋಡಿ ಟಿಕ್ ಹಾಕಿದವರಿಗೆ 25ಕ್ಕೆ 25 ಬರುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಬಣ್ಣ ಬಯಲಾಗುತ್ತದೆ. ಪಾಠಗಳ ಗುಣಮಟ್ಟವೂ ಒಂದೇ ಸಮ ಇಲ್ಲ. ಕೆಲವು ಪ್ರೊಫೆಸರುಗಳು ಸ್ಲೈಡ್ ತೆರೆದಿಟ್ಟು ಓದುತ್ತಾ ಹೋಗುತ್ತಾರೆ. ಇನ್ನು ಕೆಲವರು ಜಗತ್ತಿನ ಯಾವ ಮೇಷ್ಟ್ರಿಗೂ ಕಡಿಮೆ ಇಲ್ಲ. ಐಐಟಿ ಮದ್ರಾಸ್‌ನ ವಿ. ಬಾಲಕೃಷ್ಣನ್ ಅವರ ಕ್ವಾಂಟಂ ಫಿಸಿಕ್ಸ್, ಕ್ಲಾಸಿಕಲ್ ಫಿಸಿಕ್ಸ್ ಪಾಠಗಳು ಹಳೆಯವು, ಬೋರ್ಡಿನ ಮೇಲೆ ಬರೆದು ಹೇಳಿದವು. ಎಂಎಸ್‌ಸಿ ಫಿಸಿಕ್ಸ್ ಓದುವವರು ಇವತ್ತಿಗೂ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಹಾಗಾಗಿ ಕೋರ್ಸ್ ಹೆಸರಿಗಿಂತ ಮೇಷ್ಟ್ರ ಹೆಸರು ಮುಖ್ಯ. ಸೇರುವ ಮುಂಚೆ ಯೂಟ್ಯೂಬಿನಲ್ಲಿ ಅವರ ಹಳೇ ಪಾಠ ಒಂದನ್ನು ನೋಡಿಬಿಡಿ.

ಇನ್ನೊಂದು ಅನುಕೂಲವೂ ಇದೆ. ಎನ್‌ಪಿಟೆಲ್‌ನ ಹಲವು ಕೋರ್ಸ್‌ಗಳ ಪಾಠದ ಬರಹ ಕನ್ನಡದಲ್ಲೂ ಪಿಡಿಎಫ್ ಆಗಿ ಸಿಗುತ್ತದೆ. ಇಂಗ್ಲಿಷ್ ವಿಡಿಯೊ ನೋಡಿ, ಪಕ್ಕದಲ್ಲಿ ಕನ್ನಡ ಬರಹ ತೆರೆದಿಟ್ಟುಕೊಳ್ಳಿ. ಕನ್ನಡ ಮೀಡಿಯಂನಿಂದ ಬಂದು ಮೊದಲ ಸೆಮಿಸ್ಟರ್‌ನಲ್ಲಿ ಕಂಗಾಲಾದವರಿಗೆ ಇದು ದೊಡ್ಡ ಆಸರೆ.

ಒಂದೇ ವಿಷಯ, ಮೂರು ಜಾಗ: ಪ್ರೋಗ್ರಾಮಿಂಗ್ ಕಲಿಯೋಣ ಅಂದರೆ

ಎಲ್ಲರೂ ಕೇಳುವ ಉದಾಹರಣೆ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಾರ್ವರ್ಡ್‌ನ ಸಿಎಸ್50 ಅನ್ನುವ ಕಂಪ್ಯೂಟರ್ ಸೈನ್ಸ್ ಕೋರ್ಸ್ ಒಂದು ದೊಡ್ಡ ನಾಟಕದ ಹಾಗೆ ನಡೆಯುತ್ತದೆ. ಪಾಠ ಮಾಡುವ ಡೇವಿಡ್ ಮಾಲನ್ ವೇದಿಕೆಯ ಮೇಲೆ ದಪ್ಪ ಟೆಲಿಫೋನ್ ಡೈರೆಕ್ಟರಿ ಹಿಡಿದು ಒಬ್ಬರ ಹೆಸರು ಹುಡುಕುತ್ತಾರೆ. ನಡುವೆ ತೆರೆದು, ಬೇಡದ ಅರ್ಧವನ್ನು ಹರಿದು ಬಿಸಾಡುತ್ತಾರೆ. ಉಳಿದ ಅರ್ಧದ ನಡುವೆ ತೆರೆದು ಮತ್ತೆ ಹರಿಯುತ್ತಾರೆ. ಸಾವಿರ ಪುಟ ಹತ್ತೇ ಸಲಕ್ಕೆ ಒಂದು ಪುಟಕ್ಕೆ ಇಳಿಯುತ್ತದೆ. ಬೈನರಿ ಸರ್ಚ್ ಅಂದರೇನು ಅಂತ ಆಮೇಲೆ ಯಾರೂ ವಿವರಿಸಬೇಕಿಲ್ಲ. ಆದರೆ ಮಜಾ ಅಂದುಕೊಂಡು ಹೋದವರಿಗೆ ವಾರದ ಲೆಕ್ಕಗಳು ಬೆವರಿಳಿಸುತ್ತವೆ. ಮೊದಲು ಸ್ಕ್ರ್ಯಾಚ್, ಆಮೇಲೆ ನೇರ ಸಿ ಭಾಷೆ, ಅದಾದ ಮೇಲೆ ಪೈಥಾನ್, ಡೇಟಾಬೇಸ್, ವೆಬ್. ಕೋಡ್ ಬರೆಯುವುದು ಬ್ರೌಸರ್‌ನಲ್ಲೇ ಆಗುವುದರಿಂದ ಹಳೇ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ. ಇಡೀ ಕೋರ್ಸ್ ಮುಗಿಸಿದವರಿಗೆ ಸಿಎಸ್50ನವರೇ ಪುಕ್ಕಟೆ ಸರ್ಟಿಫಿಕೇಟ್ ಕೊಡುತ್ತಾರೆ. ಅದೇ ಕೋರ್ಸ್‌ಗೆ ಎಡ್‌ಎಕ್ಸ್ ಅನ್ನುವ ತಾಣದಲ್ಲಿ ದುಡ್ಡು ಕೊಟ್ಟು ತಗೊಳ್ಳುವ ಸರ್ಟಿಫಿಕೇಟೂ ಇದೆ. ಇದು ಗೊತ್ತಿಲ್ಲದೆ ಸುಮ್ನೆ ದುಡ್ಡು ಕಟ್ಟುವವರು ಇದ್ದಾರೆ.

ಎಂಐಟಿಯ ಅನಾ ಬೆಲ್ ಅವರ ಪೈಥಾನ್ ಕೋರ್ಸ್ ಇದಕ್ಕೆ ತದ್ವಿರುದ್ಧ. ಶಾಂತ, ನೇರ, ಆಡಂಬರ ಇಲ್ಲ. ಎರಡು ರೂಪಗಳಿವೆ. 2016ರದ್ದು ಅರ್ಧ ಸೆಮಿಸ್ಟರ್‌ನದು, ಓಟ ಜೋರು. 2022ರದ್ದು ಇಡೀ ಸೆಮಿಸ್ಟರ್‌ಗೆ ಹರಡಿದ್ದು, ನಿಧಾನ. 6.100ಎಲ್ ಎಂದು ಹುಡುಕಿದರೆ ಸಿಗುತ್ತದೆ. ಕಂಪ್ಯೂಟರ್ ಸೈನ್ಸ್ ಹಿನ್ನೆಲೆ ಇಲ್ಲದವರಿಗೆ ನಾನು ಹೇಳುವುದು ಇದನ್ನೇ.

ಎನ್‌ಪಿಟೆಲ್‌ನಲ್ಲಿ ಐಐಟಿ ರೋಪಡ್‌ನ ಸುದರ್ಶನ್ ಅಯ್ಯಂಗಾರ್ ಅವರ 'ಜಾಯ್ ಆಫ್ ಕಂಪ್ಯೂಟಿಂಗ್' ಬಹಳ ಜನ ಸೇರುವ ಕೋರ್ಸ್. ಆಟ, ಒಗಟುಗಳ ಮೂಲಕ ಹೇಳಿಕೊಡುತ್ತಾರೆ. 12 ವಾರ. ಸ್ವಲ್ಪ ಕೋಡ್ ಬರೆದು ಅಭ್ಯಾಸ ಇರುವವರು ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ ಡೇಟಾ ಸ್ಟ್ರಕ್ಚರ್ಸ್ ಕೋರ್ಸ್‌ಗೆ ಹೋಗಬಹುದು. ಅದು 8 ವಾರದ್ದು, ಪೈಥಾನ್‌ನಲ್ಲೇ. ಅಲ್ಲಿ ಟಿಕ್ ಹಾಕಿ ಪಾರಾಗಲು ಆಗದು, ಪ್ರೋಗ್ರಾಂ ಬರೆದು ಓಡಿಸಿ ತೋರಿಸಬೇಕು.

ಕ್ರೆಡಿಟ್ ಬೇಕಾದರೆ ಎನ್‌ಪಿಟೆಲ್, ಕೈ ಪಳಗಬೇಕಾದರೆ ಸಿಎಸ್50, ನಿಧಾನವಾಗಿ ಅರ್ಥ ಆಗಬೇಕಾದರೆ ಅನಾ ಬೆಲ್. ಮೂರನ್ನೂ ಒಟ್ಟಿಗೆ ಶುರು ಮಾಡಲು ಹೋಗಬೇಡಿ.

ಕೋರ್ಸೆರಾ, ಎಡ್‌ಎಕ್ಸ್

ಹಲವು ವಿಶ್ವವಿದ್ಯಾಲಯಗಳ ಕೋರ್ಸ್‌ಗಳನ್ನು ಒಂದೇ ಕಡೆ ಕೊಡುವ ಈ ಎರಡು ತಾಣಗಳೂ 2012ರಲ್ಲಿ ಹುಟ್ಟಿದವು. ಕೋರ್ಸೆರಾವನ್ನು ಸ್ಟ್ಯಾನ್‌ಫರ್ಡ್‌ನ ಇಬ್ಬರು ಪ್ರೊಫೆಸರುಗಳು, ಆಂಡ್ರ್ಯೂ ಎಂಗ್ ಮತ್ತು ಡ್ಯಾಫ್ನಿ ಕೋಲರ್, ಕಂಪನಿಯಾಗಿಯೇ ಕಟ್ಟಿದರು. ಎಡ್‌ಎಕ್ಸ್‌ ಅನ್ನು ಹಾರ್ವರ್ಡ್ ಮತ್ತು ಎಂಐಟಿ ಲಾಭದ ಉದ್ದೇಶ ಇಲ್ಲದೆ ಶುರು ಮಾಡಿದವು. 2021ರಲ್ಲಿ ಅದನ್ನೂ 80 ಕೋಟಿ ಡಾಲರ್‌ಗೆ ಟೂಯು ಅನ್ನುವ ಕಂಪನಿಗೆ ಮಾರಿದರು. ಮೂರು ವರ್ಷಕ್ಕೆ ಆ ಕಂಪನಿ ಸಾಲದಲ್ಲಿ ಮುಳುಗಿ ದಿವಾಳಿ ಅರ್ಜಿ ಹಾಕಿತು.

ಶುರುವಿನಲ್ಲಿ ಎಲ್ಲವೂ ಪುಕ್ಕಟೆ ಇತ್ತು. ಈಗ ಆ ಬಾಗಿಲು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಎಡ್‌ಎಕ್ಸ್‌ನಲ್ಲಿ ಪುಕ್ಕಟೆ ಸೇರಿದವರಿಗೆ ಇಂತಿಷ್ಟು ವಾರ ಎಂಬ ಮಿತಿ ಇರುತ್ತದೆ, ಅಂಕ ಬರುವ ಅಸೈನ್‌ಮೆಂಟ್‌ಗಳಿಗೆ ಬೀಗ. ಕೋರ್ಸೆರಾದಲ್ಲಿ ದುಡ್ಡು ಕೊಡಲು ಆಗದವರು ಆರ್ಥಿಕ ನೆರವಿಗೆ ಅರ್ಜಿ ಹಾಕಬಹುದು. ಪ್ರಯತ್ನಿಸಿ, ನಾಚಿಕೆ ಬೇಡ. ಟ್ರಯಲ್‌ಗೆ ಅಂತ ಕಾರ್ಡ್ ನಂಬರ್ ಕೊಟ್ಟರೆ ಮಾತ್ರ, ಅದು ಮುಗಿಯುವ ಹಿಂದಿನ ದಿನಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಹಾಗಂತ ಇವು ಬೇಡವೇ ಬೇಡ ಅನ್ನುವುದಿಲ್ಲ. ಕೆಲಸದಲ್ಲಿದ್ದು ಬೆಳಿಗ್ಗೆ ಮೆಟ್ರೊದಲ್ಲಿ ಹತ್ತು ನಿಮಿಷ ಸಿಗುವವರಿಗೆ ಇಲ್ಲಿನ ತುಂಡು ತುಂಡು ಪಾಠ ಒಗ್ಗುತ್ತದೆ. ಒಂದು ಒಳ್ಳೆಯ ಹೋಲಿಕೆ ಕಣ್ಣ ಮುಂದೆಯೇ ಇದೆ. 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಾಬರ್ಟ್ ಶಿಲ್ಲರ್ ಅವರ ಫೈನಾನ್ಷಿಯಲ್ ಮಾರ್ಕೆಟ್ಸ್ ಕೋರ್ಸ್ ಕೋರ್ಸೆರಾದಲ್ಲೂ ಇದೆ, ಯೇಲ್ ವಿಶ್ವವಿದ್ಯಾಲಯದ ಸ್ವಂತ ತಾಣದಲ್ಲೂ ಇದೆ. ಕೋರ್ಸೆರಾದಲ್ಲಿ ಅದು ಚಿಕ್ಕ ವಿಡಿಯೊಗಳು ಮತ್ತು ಕ್ವಿಜ್‌ಗಳಾಗಿದೆ. ಯೇಲ್‌ನಲ್ಲಿ ತರಗತಿಯ ಒಂದು ಗಂಟೆಗೂ ಮೀರಿದ ಪಾಠ ಹಾಗೆ ಹಾಗೇ ಇದೆ. ಮಾತಿನ ನಡುವೆ ಅವರು ದಾರಿ ತಪ್ಪಿ ಬೇರೆಲ್ಲೋ ಹೋಗಿ ಬರುವುದೂ ಇದೆ. ನನಗೆ ಎರಡನೆಯದೇ ಇಷ್ಟ. ಬ್ಯಾಂಕ್‌ನಲ್ಲಿ ಕೆಲಸ ಮಾಡುವ ನನ್ನ ಗೆಳತಿಗೆ ಮೊದಲನೆಯದು.

ಯೇಲ್: ಆರ್ಟ್ಸ್ ಓದುವವರ ಊರು

ಆನ್‌ಲೈನ್ ಪಾಠ ಅಂದರೆ ಕೋಡಿಂಗ್, ಲೆಕ್ಕ ಅಂತಲೇ ಎಲ್ಲರೂ ಮಾತಾಡುತ್ತಾರೆ. ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ ಓದುವವರು 2007ರ ಡಿಸೆಂಬರ್‌ನಲ್ಲಿ ಶುರುವಾದ ಓಪನ್ ಯೇಲ್ ಕೋರ್ಸಸ್‌ಗೆ ಹೋಗಬೇಕು. ನಲವತ್ತರ ಆಸುಪಾಸು ಕೋರ್ಸ್‌ಗಳು, ಅಷ್ಟೇ. ಹೊಸದು ಸೇರಿ ವರ್ಷಗಳೇ ಆದವು. ಆದರೆ ಇದ್ದದ್ದು ಅಚ್ಚುಕಟ್ಟು. ಪ್ರತಿ ಪಾಠಕ್ಕೂ ವಿಡಿಯೊ, ಬರೀ ಧ್ವನಿ, ಪೂರ್ತಿ ಮಾತಿನ ಬರಹ ಮೂರೂ ಇವೆ. ಧ್ವನಿಯ ಫೈಲ್ ಇಳಿಸಿಕೊಂಡರೆ ಡೇಟಾ ಉಳಿಯುತ್ತದೆ, ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಹೋಗಬಹುದು. ಅಮೆರಿಕನ್ ಉಚ್ಚಾರ ಹಿಡಿಯಲು ಕಷ್ಟಪಡುವವರಿಗೆ ಬರಹ ಇದೆ.

ಶೆಲ್ಲಿ ಕೇಗನ್ ಅವರ ಸಾವಿನ ಬಗೆಗಿನ ತತ್ವಶಾಸ್ತ್ರದ ಕೋರ್ಸ್ ನೋಡಿ. ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಆತ್ಮ ಇದೆ ಅನ್ನಲು ಯಾವ ವಾದ ಇದೆ, ಅದರಲ್ಲಿ ಎಲ್ಲಿ ತೂತಿದೆ ಅಂತ ಒಂದೊಂದೇ ತೆಗೆದು ಹೇಳುತ್ತಾರೆ. ಕಠೋಪನಿಷತ್ತಿನ ನಚಿಕೇತನ ಕಥೆ ಕೇಳಿ ಬೆಳೆದವರಿಗೆ ಅವರ ತೀರ್ಮಾನ ಒಪ್ಪಿಗೆ ಆಗದಿರಬಹುದು. ಜಗಳ ಆಡುತ್ತಾ ಕೇಳಲು ಬಲು ಸೊಗಸು. ಸೈನ್ಸ್‌ನವರಿಗೂ ಇಲ್ಲಿ ಒಂದು ರತ್ನ ಇದೆ. ಐಐಟಿ ಮದ್ರಾಸ್‌ನಲ್ಲಿ ಓದಿ ಅಮೆರಿಕಕ್ಕೆ ಹೋದ ರಾಮಮೂರ್ತಿ ಶಂಕರ್ ಅವರ ಫಿಸಿಕ್ಸ್ ಪಾಠ. ಲೆಕ್ಕಗಳೂ ಉತ್ತರಗಳೂ ಜೊತೆಗಿವೆ.

ಕೋರ್ಸ್ ಬೇಡ, ಒಂದು ಒಳ್ಳೆಯ ಮಾತು ಕೇಳಬೇಕು ಅಂದರೆ

ಸಾರ್ವಜನಿಕ ಉಪನ್ಯಾಸ ಎಲೆಯ ತುದಿಯ ಉಪ್ಪಿನಕಾಯಿ. ರುಚಿ ಹತ್ತಿಸುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. ಲಂಡನ್ನಿನ ಗ್ರೆಶಮ್ ಕಾಲೇಜು 1597ರಿಂದ ಇದನ್ನೇ ಮಾಡುತ್ತಾ ಬಂದಿದೆ. ಅಲ್ಲಿ ವಿದ್ಯಾರ್ಥಿಗಳಿಲ್ಲ, ಡಿಗ್ರಿ ಇಲ್ಲ. ಊರಿನವರಿಗಾಗಿ ಪುಕ್ಕಟೆ ಉಪನ್ಯಾಸ, ಅಷ್ಟೇ. ಗಣಿತ, ವೈದ್ಯಕೀಯ, ಸಂಗೀತ, ಕಾನೂನು ಎಲ್ಲದರ ಮೇಲೂ ಸುಮಾರು ಒಂದು ಗಂಟೆಯ ಮಾತುಗಳು ಅವರ ತಾಣದಲ್ಲಿವೆ, ಹೆಚ್ಚಿನವಕ್ಕೆ ಬರಹವೂ ಇದೆ.

ಬೆಂಗಳೂರಿನಲ್ಲಿ ಇರುವವರು ಅಷ್ಟು ದೂರ ಹೋಗಬೇಕಿಲ್ಲ. ಹೆಸರಘಟ್ಟದ ಕಡೆ ಇರುವ ಐಸಿಟಿಎಸ್ ಅನ್ನುವ ವಿಜ್ಞಾನ ಸಂಶೋಧನಾ ಸಂಸ್ಥೆ 'ಕಾಪಿ ವಿತ್ ಕ್ಯೂರಿಯಾಸಿಟಿ' ಅನ್ನುವ ಉಪನ್ಯಾಸಗಳನ್ನು ನೆಹರು ತಾರಾಲಯದಲ್ಲಿ ನಡೆಸುತ್ತಾ ಬಂದಿದೆ. ವಿಡಿಯೊಗಳು ಅವರ ಯೂಟ್ಯೂಬ್ ಚಾನೆಲ್‌ನಲ್ಲಿವೆ. ಗ್ರೆಶಮ್‌ನಲ್ಲಿ ಮಾತು ಹದವಾಗಿ ಬರೆದು ತಂದದ್ದು. ಇಲ್ಲಿ ಕೊನೆಯ ಪ್ರಶ್ನೋತ್ತರ ಕೇಳುವುದೇ ಮಜಾ. ಹೈಸ್ಕೂಲು ಮಕ್ಕಳು ಕೇಳುವ ಪ್ರಶ್ನೆಗೆ ದೊಡ್ಡ ವಿಜ್ಞಾನಿಗಳೂ ಒಂದು ಕ್ಷಣ ತಡವರಿಸುತ್ತಾರೆ.

ಇಳಿಸಿಟ್ಟುಕೊಳ್ಳಿ

ಇವತ್ತು ಇದ್ದದ್ದು ನಾಳೆ ಇರುತ್ತದೆ ಎಂಬ ಗ್ಯಾರಂಟಿ ಇಲ್ಲ. ಬರ್ಕ್ಲಿ ವಿಶ್ವವಿದ್ಯಾಲಯ ವರ್ಷಗಟ್ಟಲೆ ತನ್ನ ಪಾಠಗಳನ್ನು ಎಲ್ಲರಿಗೂ ತೆರೆದಿಟ್ಟಿತ್ತು. ಕಿವುಡರಿಗೆ ಬೇಕಾದ ಸಬ್‌ಟೈಟಲ್ ಸರಿಯಾಗಿಲ್ಲ ಅಂತ ದೂರು ಹೋಯಿತು. 2016ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಅದು ನಿಜ ಅಂದಿತು. ಸಬ್‌ಟೈಟಲ್ ಹಾಕಲು ಖರ್ಚು ಬಹಳ ಅಂತ ವಿಶ್ವವಿದ್ಯಾಲಯ 2017ರಲ್ಲಿ 20,000ಕ್ಕೂ ಹೆಚ್ಚು ಪಾಠಗಳನ್ನು ಸಾರ್ವಜನಿಕರಿಂದ ತೆಗೆದೇಬಿಟ್ಟಿತು. ದೂರು ಕೊಟ್ಟವರು ಕೇಳಿದ್ದು ಸಬ್‌ಟೈಟಲ್, ಸಿಕ್ಕಿದ್ದು ಬೀಗ. ವಿಶ್ವವಿದ್ಯಾಲಯಗಳ ಪಾಠ ಪುಕ್ಕಟೆ ಸಿಗುತ್ತಿದ್ದ ಆಪಲ್‌ನ ಐಟ್ಯೂನ್ಸ್ ಯೂ ಕೂಡ 2021ರ ಕೊನೆಗೆ ಮುಚ್ಚಿತು.

ಎಂಐಟಿಯ ಪ್ರತಿ ಕೋರ್ಸ್ ಪುಟದಲ್ಲೂ ಇಡೀ ಕೋರ್ಸ್ ಇಳಿಸಿಕೊಳ್ಳುವ ಬಟನ್ ಇದೆ. ಒಂದು ಜಿಪ್ ಫೈಲ್ ಬರುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದ ಕಡೆಯೂ ಟಿಪ್ಪಣಿ, ಲೆಕ್ಕ ತೆರೆದುಕೊಳ್ಳುತ್ತವೆ.

ಮೇಷ್ಟ್ರುಗಳಿಗೆ ಇನ್ನೊಂದು ಮಾತು. ಎಂಐಟಿ ಮತ್ತು ಯೇಲ್ ಎರಡೂ ತಮ್ಮ ಪಾಠಗಳನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟಿವೆ. ಕನ್ನಡಕ್ಕೆ ಮಾಡಿ ತರಗತಿಯಲ್ಲಿ ಹಂಚಲು ಯಾರ ಅಪ್ಪಣೆಯೂ ಬೇಡ. ಮೂಲದ ಹೆಸರು ಹಾಕಬೇಕು, ದುಡ್ಡಿಗೆ ಮಾರಬಾರದು, ನೀವು ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಬಿಡಬೇಕು. ಗೈಡ್ ಮಾಡಿ ಮಾರುವ ಯೋಚನೆ ಇದ್ದರೆ ಬೇಡ. ಕೋರ್ಸೆರಾದ ಸ್ಲೈಡುಗಳಿಗೆ ಈ ಸಲಿಗೆ ಇಲ್ಲ. ಎಂಐಟಿ ಟಿಪ್ಪಣಿಯಲ್ಲೂ ಬೇರೆಯವರ ಪುಸ್ತಕದಿಂದ ತಂದ ಚಿತ್ರಗಳಿದ್ದರೆ, ಇದು ನಮ್ಮ ಲೈಸೆನ್ಸಿಗೆ ಸೇರಿಲ್ಲ ಎಂದು ಕೆಳಗೆ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ಅಂಥವನ್ನು ಬಿಟ್ಟು, ಆ ಚಿತ್ರವನ್ನು ನೀವೇ ಬೋರ್ಡಿನ ಮೇಲೆ ಬರೆದುಕೊಳ್ಳಿ.